ಸಾಸಿವೆ ಭೂಮಿ, ಫುಟ್‌ಬಾಲ್ ಸೂರ್ಯ

ಓದುಗರ ಪ್ರಶ್ನೆ, ಇಂಗ್ಲಿಷ್ ಟೀಚರ್ ಉತ್ತರ

ಆಗಸ್ಟ್ 23 ಹತ್ತಿರ ಬಂತು. 2023ರಲ್ಲಿ ಅವತ್ತು ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಆಮೇಲಿಂದ ಆ ದಿನ ರಾಷ್ಟ್ರೀಯ ಬಾಹ್ಯಾಕಾಶ ದಿನ. ಅದಕ್ಕೇ ಇರಬೇಕು, ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತಿವೆ: ಗ್ರಹ, ಚಂದ್ರ, ರಾಕೆಟ್ ಇಟ್ಟುಕೊಂಡು ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸೋದು ಹೇಗೆ? ಹೊಸ ಓದುಗರಿಗೆ ಒಂದು ಮಾತು. ನಾನು ಹಾಸನದ ಹತ್ತಿರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಎಂಸಿಎಫ್, ಅಂದರೆ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ ಇದೆ. ಅಲ್ಲಿನ ದೊಡ್ಡ ಡಿಶ್‌ಗಳನ್ನು ನೋಡಿ ಬಂದ ಮಕ್ಕಳು "ಅದು ಯಾರ ಮನೆ ಟಿವಿಗೆ ಟೀಚರ್?" ಅಂತ ಕೇಳುತ್ತಾರೆ. ನನ್ನ ಪಾಠಗಳು ಶುರುವಾಗಿದ್ದು ಅಂಥ ಪ್ರಶ್ನೆಗಳಿಂದಲೇ.

ಪ್ರಶ್ನೆ: ನಾನು ಮೂರನೇ ಕ್ಲಾಸಿಗೆ ಅತಿಥಿ ಶಿಕ್ಷಕಿ. ಗೋಡೆಯ ಮೇಲೆ ಸೌರಮಂಡಲದ ಚಾರ್ಟ್ ಇದೆ. ಮಕ್ಕಳು ಎಂಟೂ ಗ್ರಹಗಳ ಇಂಗ್ಲಿಷ್ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಾರೆ. ಆದರೆ ಒಂದು ವಾಕ್ಯ ಹೇಳಿ ಅಂದರೆ ಬಾಯಿ ಬಿಡಲ್ಲ. ಏನು ಮಾಡಲಿ? — ಸಿಂಧನೂರು

ಮೇಡಂ, ಹೆಸರು ಗೊತ್ತಾಯಿತಲ್ಲ, ಸಾಕು, ಅದನ್ನು ಇನ್ನು ಹೇಳಿಸಬೇಡಿ. ಸ್ಪೆಲಿಂಗ್ ಅಂತೂ ಬೇಡವೇ ಬೇಡ. ಮೂರನೇ ಕ್ಲಾಸಿನ ಮಗುವಿಗೆ ‘ಅಸ್ಟ್ರೋನಾಟ್’ ಸ್ಪೆಲಿಂಗ್ ಹತ್ತು ಸಲ ಬರೆಸಿದರೆ ಕೈ ನೋಯುತ್ತದೆ ಅಷ್ಟೇ. ಬೇಕಾಗಿರೋದು ಸಣ್ಣ ಸಣ್ಣ ಪದ: ಬಿಗ್, ಸ್ಮಾಲ್, ಹಾಟ್, ಕೋಲ್ಡ್, ರೆಡ್, ಬ್ಲೂ, ನಿಯರ್, ಫಾರ್. ಇವನ್ನು ಬೋರ್ಡಿನ ಒಂದು ಮೂಲೆಯಲ್ಲಿ ಬರೆದಿಡಿ. ಇನ್ನೊಂದು ಕಡೆ ಎರಡೇ ಅರ್ಧ ವಾಕ್ಯ: ‘ಐ ಆಮ್’, ‘ಐ ಹ್ಯಾವ್’.

ಈಗ ಒಗಟು. ಒಂದು ಚೀಟಿಯಲ್ಲಿ ಗ್ರಹದ ಹೆಸರು ಬರೆದು ಒಬ್ಬ ಹುಡುಗನ ಕೈಗೆ ಕೊಡಿ. ಅವನು ಮುಂದೆ ಬಂದು "ಐ ಆಮ್ ಸ್ಮಾಲ್. ಐ ಆಮ್ ರೆಡ್. ಐ ಆಮ್ ಕೋಲ್ಡ್. ಹೂ ಆಮ್ ಐ?" ಅನ್ನಬೇಕು. ಕ್ಲಾಸೆಲ್ಲ "ಮಾರ್ಸ್!" ಅಂತ ಕಿರುಚುತ್ತದೆ. ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಟ್ಟಿರಿ.

ಒಂದು ವಾರ ಇದು ನಡೆಯಲಿ. ಆಮೇಲೆ ಆಟ ತಿರುಗಿಸಿ. ಚೀಟಿ ಹಿಡಿದವರು ಸುಮ್ಮನಿರಬೇಕು, ಕ್ಲಾಸು ಪ್ರಶ್ನೆ ಕೇಳಬೇಕು. "ಆರ್ ಯೂ ಬಿಗ್?" "ಡು ಯೂ ಹ್ಯಾವ್ ರಿಂಗ್ಸ್?" ಇಲ್ಲೇ ಗಂಟು ಬೀಳೋದು. ನಮ್ಮ ಕ್ಲಾಸಿನಲ್ಲಿ ಒಬ್ಬಳು ಪ್ರತಿ ಸಲ "ಆರ್ ಯೂ ಹ್ಯಾವ್ ರಿಂಗ್ಸ್?" ಅಂತಲೇ ಕೇಳುತ್ತಿದ್ದಳು. ನಾನು ತಡೆಯಲಿಲ್ಲ. ಚೀಟಿ ನನ್ನ ಕೈಯಲ್ಲಿದ್ದರೆ "ಡು ಐ ಹ್ಯಾವ್ ರಿಂಗ್ಸ್? ಯೆಸ್, ಐ ಡು" ಅಂತ ಸರಿಯಾದ ರೂಪದಲ್ಲೇ ಉತ್ತರ ಕೊಡುತ್ತಿದ್ದೆ. ಒಂದು ದಿನ ಅವಳೇ ಪಕ್ಕದವನಿಗೆ "ಆರ್ ಅಲ್ಲ ಕಣೋ, ಡು" ಅಂತ ತಿದ್ದುತ್ತಿದ್ದಳು. ಅಂದಹಾಗೆ, ಗುರು, ಯುರೇನಸ್, ನೆಪ್ಚೂನ್‌ಗೂ ಮಂಕಾದ ಉಂಗುರಗಳಿವೆ. ಯಾರಾದರೂ ಜಾಣರು ಅದನ್ನು ಎತ್ತಿದರೆ ಪಾಯಿಂಟ್ ಕೊಟ್ಟುಬಿಡಿ.

ಅದಾದ ಮೇಲೆ ‘ದ್ಯಾನ್’. ಎಲ್ಲಕ್ಕಿಂತ ಬಿಸಿ ಗ್ರಹ ಯಾವುದು ಅಂತ ಕನ್ನಡದಲ್ಲೇ ಕೇಳಿ. ಬುಧ ಅಂತಾರೆ, ಸೂರ್ಯನ ಹತ್ತಿರ ಇರೋದು ಅದೇ ಅಲ್ವಾ? ತಪ್ಪು, ಶುಕ್ರ. ಅಲ್ಲಿನ ಗಾಳಿ ಬಹುಪಾಲು ಕಾರ್ಬನ್ ಡೈಆಕ್ಸೈಡ್, ಅದೂ ಕಂಬಳಿ ಹೊದ್ದ ಹಾಗೆ ದಪ್ಪ. ಬಂದ ಬಿಸಿ ಆಚೆ ಹೋಗಲ್ಲ. ನೆಲದ ಮೇಲೆ ಸುಮಾರು 460 ಡಿಗ್ರಿ ಸೆಲ್ಸಿಯಸ್. ಇಷ್ಟನ್ನೂ ಕನ್ನಡದಲ್ಲಿ ಹೇಳಿ ಮುಗಿಸಿ, ಆಮೇಲೆ "ವೀನಸ್ ಇಸ್ ಹಾಟರ್ ದ್ಯಾನ್ ಮರ್ಕ್ಯುರಿ" ಅನ್ನಿ. ಟೇಬಲ್ಲು ಕುರ್ಚಿಗಿಂತ ದೊಡ್ಡದು ಅಂತ ಹೇಳೋಕೆ ಯಾವ ಮಗುವಿಗೂ ಅವಸರ ಇರಲ್ಲ. ಈ ವಾಕ್ಯವನ್ನು ಮಾತ್ರ ಮನೆಗೆ ಓಡಿಹೋಗಿ ಅಣ್ಣನ ಮುಂದೆ ಹೇಳಬೇಕು ಅನ್ನಿಸುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇಲ್ಲ, ಸ್ಮಾರ್ಟ್ ಕ್ಲಾಸ್ ಇಲ್ಲ. ಬಾಹ್ಯಾಕಾಶ ತೋರಿಸೋದು ಹೇಗೆ? — ಚಿಕ್ಕೋಡಿ

ಸರ್, ಅಂಗಳ ಇದೆಯಲ್ಲ? ಒಂದು ಫುಟ್‌ಬಾಲ್ ಇದೆಯಾ? ಹಾಗಾದರೆ ಉಳಿದದ್ದು ಅಡುಗೆಮನೆಯಲ್ಲಿ ಸಿಗುತ್ತದೆ.

ಫುಟ್‌ಬಾಲ್ ಸುಮಾರು 22 ಸೆಂಟಿಮೀಟರ್ ಅಗಲ. ಅದು ಸೂರ್ಯ ಅಂದುಕೊಂಡರೆ ಭೂಮಿ 2 ಮಿಲಿಮೀಟರ್, ಅಂದರೆ ಒಂದು ಸಾಸಿವೆ ಕಾಳು. ಶುಕ್ರ ಇನ್ನೊಂದು ಸಾಸಿವೆ. ಮಂಗಳಕ್ಕೆ ಗಸಗಸೆ. ಬುಧಕ್ಕೆ ಇನ್ನೂ ಸಣ್ಣ ಗಸಗಸೆ ಹುಡುಕಿ. ಗುರುವಿಗೆ ಒಂದು ನೆಲ್ಲಿಕಾಯಿ, ಶನಿಗೆ ಅದಕ್ಕಿಂತ ಚೂರು ಚಿಕ್ಕದು. ಯುರೇನಸ್, ನೆಪ್ಚೂನ್‌ಗೆ ಒಂದೊಂದು ಕಡಲೆಕಾಳು. ಸಣ್ಣ ಕಾಳುಗಳನ್ನು ಬಿಳಿ ರಟ್ಟಿಗೆ ಗೋಂದು ಹಾಕಿ ಅಂಟಿಸಿ. ಇಲ್ಲದಿದ್ದರೆ ಭೂಮಿ ಕಳೆದುಹೋಗುತ್ತದೆ. ನಮ್ಮಲ್ಲಿ ಒಂದು ಸಲ ಕೋಳಿ ಬಂದು ಮಂಗಳ ಗ್ರಹವನ್ನು ತಿಂದಿತ್ತು.

ಫುಟ್‌ಬಾಲನ್ನು ಅಂಗಳದ ಒಂದು ತುದಿಯಲ್ಲಿಡಿ. ಮಗುವಿನ ಹೆಜ್ಜೆ ಅರ್ಧ ಮೀಟರ್ ಅಂತಿಟ್ಟುಕೊಂಡರೆ ಬುಧಕ್ಕೆ 18 ಹೆಜ್ಜೆ, ಶುಕ್ರಕ್ಕೆ 34, ಭೂಮಿಗೆ 47, ಮಂಗಳಕ್ಕೆ 72. ಒಂದು ಮಗು ರಟ್ಟು ಹಿಡಿದು ನಡೆಯುತ್ತದೆ, ಉಳಿದವರು ಇಂಗ್ಲಿಷಿನಲ್ಲಿ ಎಣಿಸುತ್ತಾರೆ. ಇಂಗ್ಲಿಷಿನ ಎಣಿಕೆಯಲ್ಲಿ ಎಲ್ಲಿ ತೊಡಕು ಅಂತ ಇಲ್ಲೇ ಗೊತ್ತಾಗೋದು. ಟ್ವೆಂಟಿ ನೈನ್ ಆದ ಮೇಲೆ ಅರ್ಧ ಮಕ್ಕಳು "ಟ್ವೆಂಟಿ ಟೆನ್" ಅಂತಾರೆ. ಎಣಿಕೆ ತಪ್ಪಿದರೆ ಶುಕ್ರ ತಪ್ಪು ಜಾಗದಲ್ಲಿ ನಿಲ್ಲುತ್ತದೆ, ಎಲ್ಲರೂ ವಾಪಸ್ ಸೂರ್ಯನ ಹತ್ತಿರ. ಹೀಗೆ ಸುಮಾರು ಸಲ ವಾಪಸ್ ಬಂದ ಮೇಲೆ ‘ಥರ್ಟಿ’ ಕಾಯಂ ಆಗುತ್ತದೆ.

ನಡೆಸುವಾಗ ನೀವು ಇಂಗ್ಲಿಷಿನಲ್ಲೇ ಕೂಗಿ: "ವಾಕ್! ಸ್ಟಾಪ್! ಟರ್ನ್ ಅರೌಂಡ್! ಕಮ್ ಬ್ಯಾಕ್!" ಇದಕ್ಕೆ ಯಾರೂ ಅರ್ಥ ಹೇಳಬೇಕಾಗಿಲ್ಲ, ಕಾಲೇ ಕಲಿಯುತ್ತದೆ. ನಿಂತವರನ್ನು ಕೇಳಿ, "ಹೌ ಫಾರ್ ಇಸ್ ಮಾರ್ಸ್?" "ಸೆವೆಂಟಿ ಟೂ ಸ್ಟೆಪ್ಸ್." "ಇಸ್ ವೀನಸ್ ನಿಯರ್ ದಿ ಸನ್?" "ಯೆಸ್." "ಇಸ್ ಜುಪಿಟರ್ ನಿಯರ್?" ಗುರುವಿಗೆ 244 ಹೆಜ್ಜೆ ಬೇಕು, ಅಂದರೆ 120 ಮೀಟರ್‌ಗಿಂತ ಜಾಸ್ತಿ. ಕಾಂಪೌಂಡ್ ದಾಟಿ ರಸ್ತೆಗೆ ಬರುತ್ತದೆ. ನೆಪ್ಚೂನ್ 700 ಮೀಟರ್ ಆಚೆ. ನಮ್ಮೂರಲ್ಲಿ ಅದು ಕೆರೆ ಏರಿಯ ಆ ಕಡೆ. ಅಲ್ಲಿಗೆ ಯಾರನ್ನೂ ಕಳಿಸಲ್ಲ, ಕೈ ಚಾಚಿ "ವೆರಿ, ವೆರಿ ಫಾರ್" ಅಂತ ರಾಗ ಎಳೆಯುತ್ತೇವೆ.

ಒಂದು ವಿಷಯ ಮರೆಯಬೇಡಿ. ಭೂಮಿಯ ರಟ್ಟು ಇರುವ ಕಡೆ ನಿಂತು ಹಿಂದೆ ತಿರುಗಿ ಫುಟ್‌ಬಾಲ್ ನೋಡಲು ಹೇಳಿ. ಆಕಾಶದಲ್ಲಿ ಸೂರ್ಯ ಎಷ್ಟಗಲ ಕಾಣುತ್ತಾನೋ ಅದೂ ಅಷ್ಟಗಲವೇ ಕಾಣುತ್ತದೆ. ಸೂರ್ಯನನ್ನು ನೇರವಾಗಿ ನೋಡಿ ಹೋಲಿಸಲು ಮಾತ್ರ ಬಿಡಬೇಡಿ. ಹುಣ್ಣಿಮೆ ಚಂದ್ರನೂ ಹೆಚ್ಚುಕಮ್ಮಿ ಅಷ್ಟೇ ಅಗಲ, ಅದನ್ನು ನೆನಪಿಸಿ. ಚಂದ್ರನಿಗೆ ಅದೇ ರಟ್ಟಿನ ಮೇಲೆ ಸಾಸಿವೆಯಿಂದ 6 ಸೆಂಟಿಮೀಟರ್ ದೂರದಲ್ಲಿ ಒಂದು ರವೆ ಕಾಳು ಅಂಟಿಸಿ. ಮನುಷ್ಯ ಹೋಗಿಬಂದಿರುವುದು ಅಷ್ಟೇ ದೂರ ಅಂದಾಗ ನಮ್ಮ ಐದನೇ ಕ್ಲಾಸಿನ ಹುಡುಗ "ಇಷ್ಟಕ್ಕೇನಾ?" ಅಂದ!

ಪ್ರಶ್ನೆ: ಚಂದ್ರನಲ್ಲಿ ಮೊಲ ಇದೆ ಅಂತ ಮಗುವಿಗೆ ಅಜ್ಜಿ ಹೇಳಿಕೊಟ್ಟಿದ್ದಾರೆ. ಪಾಠ ಮಾಡುವಾಗ ಅದು ಸುಳ್ಳು ಅಂತ ಹೇಳಲೇ? — ಶಿರಸಿ

ಅಜ್ಜಿ ಜೊತೆ ಜಗಳ ಯಾಕೆ? "ಐ ಕ್ಯಾನ್ ಸೀ ಎ ರ‍್ಯಾಬಿಟ್" ಅಂತ ಹೇಳಿಸಿ. ಆ ಕಪ್ಪು ಮಚ್ಚೆಗಳು ಹಳೇ ಕಾಲದಲ್ಲಿ ಲಾವಾ ಹರಿದು ಗಟ್ಟಿಯಾದ ಬಯಲುಗಳು ಅಂತ ಕನ್ನಡದಲ್ಲಿ ತಿಳಿಸಿ. ಆಮೇಲೆ "ಇಟ್ ಲುಕ್ಸ್ ಲೈಕ್ ಎ ರ‍್ಯಾಬಿಟ್" ಅನ್ನಿಸಿ. ಅಜ್ಜಿಯನ್ನೂ ಕೂರಿಸಿಕೊಂಡು ಹುಣ್ಣಿಮೆ ದಿನ ಮಾಡಿ.

ಪ್ರಶ್ನೆ: ನಾನು ಬಿ.ಎ. ಓದಿದವಳು, ವಿಜ್ಞಾನ ಅಷ್ಟಕ್ಕಷ್ಟೆ. ಮಕ್ಕಳು ಪ್ಲೂಟೊ ಎಲ್ಲಿ ಹೋಯಿತು ಅಂತ ಕೇಳುತ್ತಾರೆ. ನಮ್ಮ ಚಾರ್ಟಿನಲ್ಲಿ ಇನ್ನೂ ಒಂಬತ್ತು ಗ್ರಹ ಇದೆ. ಹೊಸ ಚಾರ್ಟ್ ತರಿಸಲೇ? — ಚಳ್ಳಕೆರೆ

ದಯವಿಟ್ಟು ಆ ಹಳೇ ಚಾರ್ಟನ್ನು ಎಸೆಯಬೇಡಿ. ‘ಇಸ್’ ಮತ್ತು ‘ವಾಸ್’ ಕಲಿಸೋಕೆ ಅದಕ್ಕಿಂತ ಒಳ್ಳೆಯದು ಸಿಗಲ್ಲ. ಪ್ಲೂಟೊ ಎಲ್ಲಿಗೂ ಹೋಗಿಲ್ಲ, ಅದು ಸುತ್ತುತ್ತಲೇ ಇದೆ. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವರು ಗ್ರಹ ಅಂದರೆ ಏನು ಅಂತ ಹೊಸದಾಗಿ ನಿಗದಿ ಮಾಡಿ ಅದನ್ನು ಕುಬ್ಜ ಗ್ರಹದ ಪಟ್ಟಿಗೆ ಹಾಕಿದರು. "ಪ್ಲೂಟೊ ವಾಸ್ ಎ ಪ್ಲಾನೆಟ್. ನೌ ಇಟ್ ಇಸ್ ಎ ಡ್ವಾರ್ಫ್ ಪ್ಲಾನೆಟ್." ಅಲ್ಲಿಂದ ಮಕ್ಕಳ ಕಡೆ ತಿರುಗಿ: "ಐ ವಾಸ್ ಇನ್ ಸೆಕೆಂಡ್ ಸ್ಟ್ಯಾಂಡರ್ಡ್. ನೌ ಐ ಆಮ್ ಇನ್ ಥರ್ಡ್." ಗೊತ್ತಿಲ್ಲದ ಪ್ರಶ್ನೆ ಬಂದರೆ "ಲೆಟ್ ಅಸ್ ಫೈಂಡ್ ಔಟ್" ಅಂತ ಬೋರ್ಡಿನ ಮೇಲೆ ಬರೆದುಬಿಡಿ. ಅದೂ ಒಂದು ಇಂಗ್ಲಿಷ್ ವಾಕ್ಯವೇ ತಾನೆ?

ಪ್ರಶ್ನೆ: ಐದು ವರ್ಷದ ಮಗಳು ಮೊಬೈಲಿನಲ್ಲಿ ಗ್ರಹಗಳ ಇಂಗ್ಲಿಷ್ ವಿಡಿಯೊ ನೋಡುತ್ತಲೇ ಇರುತ್ತಾಳೆ. ಇದರಿಂದ ಇಂಗ್ಲಿಷ್ ಬರುತ್ತಾ? — ಮಂಗಳೂರು

ಕಿವಿಗೆ ಬೀಳುತ್ತದೆ, ಬಾಯಿಗೆ ಬರಲ್ಲ. ನಡುವೆ ನಿಲ್ಲಿಸಿ "ವಾಟ್ ಕಲರ್ ಇಸ್ ಇಟ್?" ಅಂತ ನೀವು ಕೇಳಬೇಕು. ನಿಮ್ಮೂರಿನ ಪಿಲಿಕುಳದಲ್ಲೇ ತಾರಾಲಯ ಇದೆ, ಒಂದು ಭಾನುವಾರ ಕರೆದುಕೊಂಡು ಹೋಗಿ.

ಪ್ರಶ್ನೆ: ಮಗ ‘ಮೂನು’, ‘ಸನ್ನು’ ಅಂತಾನೆ. — ತಿಪಟೂರು

‘ಮೂನ್ ಇಸ್ ಅಪ್’ ಅಂತ ಮುಂದಿನ ಪದಕ್ಕೆ ಜೋಡಿಸಿ ಹೇಳಿಸಿ. ಬಾಲದ ಉಕಾರ ತಾನಾಗಿ ಉದುರುತ್ತದೆ.

ಪ್ರಶ್ನೆ: ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಂದರೆ ನಾಚಿಕೆ. ಎದ್ದು ನಿಲ್ಲಿಸಿದರೆ ತಲೆ ತಗ್ಗಿಸಿ ನಿಲ್ಲುತ್ತಾರೆ. — ಮುಖ್ಯ ಶಿಕ್ಷಕರು, ಕೊಳ್ಳೇಗಾಲ ತಾಲ್ಲೂಕು

ಸರ್, ಎದ್ದು ನಿಲ್ಲಿಸಬೇಡಿ. ಮುಖವೇ ಕಾಣದ ಹಾಗೆ ಮಾಡಿ. 2025ರ ಜುಲೈನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಿಂದ ಶಾಲಾ ಮಕ್ಕಳು ಹ್ಯಾಮ್ ರೇಡಿಯೊದಲ್ಲಿ (ಹವ್ಯಾಸಿಗಳು ಬಳಸುವ ರೇಡಿಯೊ) ಅವರ ಜೊತೆ ಮಾತಾಡಿದರು. ಹ್ಯಾಮ್‌ನಲ್ಲಿ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನೆ ಕೇಳಬೇಕು. ಮಾತು ಮುಗಿದ ಗುರುತಿಗೆ "ಓವರ್" ಅನ್ನಬೇಕು. ನಿಲ್ದಾಣ ಒಂದು ಊರಿನ ಮೇಲೆ ಹಾದುಹೋಗುವುದು ಸುಮಾರು ಹತ್ತು ನಿಮಿಷ, ಅದಕ್ಕೇ ಪ್ರಶ್ನೆ ಚಿಕ್ಕದಾಗಿರಬೇಕು. ಚಿಕ್ಕ ಮಕ್ಕಳ ಇಂಗ್ಲಿಷಿಗೆ ಇದು ಹೇಳಿ ಮಾಡಿಸಿದ್ದು.

ನಾನು ಎರಡು ಬೆಂಚಿನ ಮೇಲೆ ಹಳೇ ಬೆಡ್‌ಶೀಟ್ ಕಟ್ಟುತ್ತೇನೆ. ಅದರೊಳಗೆ ಇಬ್ಬರು ಗಗನಯಾತ್ರಿಗಳು. ಹೊರಗಿರುವವರು ಬೆಂಗಳೂರು. "ಹೌ ಡು ಯೂ ಸ್ಲೀಪ್? ಓವರ್." "ಐ ಸ್ಲೀಪ್ ಇನ್ ಎ ಬ್ಯಾಗ್. ಓವರ್." ಅಲ್ಲಿ ನಿಜವಾಗಲೂ ಗೋಡೆಗೆ ಕಟ್ಟಿದ ಚೀಲದಲ್ಲೇ ಮಲಗುತ್ತಾರೆ. "ವಾಟ್ ಡು ಯೂ ಈಟ್? ಓವರ್." ಶುಕ್ಲಾ ಕ್ಯಾರೆಟ್ ಹಲ್ವಾ ತೆಗೆದುಕೊಂಡು ಹೋಗಿದ್ದರು ಅಂತ ನಾನು ಹೇಳಿದ್ದೆ. ಆದರೆ ಬೆಡ್‌ಶೀಟ್ ಒಳಗಿಂದ "ಐ ಈಟ್ ಮುದ್ದೆ. ಓವರ್" ಅಂತ ಬಂತು. ಹೊರಗಿನಿಂದ ತಕ್ಷಣ, "ಸಾರು? ಓವರ್." ಒಂದು ಕ್ಷಣ ಮೌನ. ಆಮೇಲೆ, "ನೋ ಸಾರು. ಸಾರು ಫ್ಲೈ. ಓವರ್."

‘ಸಾರು ಫ್ಲೈಸ್’ ಅಂತ ಆಮೇಲೆ ತಿದ್ದಿದೆ. ವಿಜ್ಞಾನ ಮಾತ್ರ ಸರಿಯಾಗೇ ಇತ್ತು, ಅಲ್ಲಿ ನೀರು ಸಾರು ಎಲ್ಲ ಉಂಡೆ ಉಂಡೆಯಾಗಿ ತೇಲುತ್ತದೆ. ಕ್ಲಾಸಿನಲ್ಲಿ ಬಾಯಿ ತೆರೆಯದ ಹುಡುಗ ಅವನು. ಈಗ ಬೆಡ್‌ಶೀಟ್ ಒಳಗಿಂದ ಹೊರಗೆ ಬರೋಕೇ ಒಪ್ಪಲ್ಲ, ಅದು ಬೇರೆ ತಲೆನೋವು.

ಪ್ರಶ್ನೆ: ಟೀಚರ್, ಚಂದ್ರನ ಮೇಲೆ ಹೋದರೆ ಇಂಗ್ಲಿಷಿನಲ್ಲೇ ಮಾತಾಡಬೇಕಾ? — ನಾಲ್ಕನೇ ತರಗತಿ ವಿದ್ಯಾರ್ಥಿ, ಅರಸೀಕೆರೆ

ಪುಟ್ಟಾ, ಅಲ್ಲಿ ಗಾಳಿ ಇಲ್ಲ. ಯಾವ ಭಾಷೆಯಲ್ಲಿ ಕೂಗಿದರೂ ಪಕ್ಕದವನಿಗೆ ಕೇಳಿಸಲ್ಲ, ಹೆಲ್ಮೆಟ್ ಒಳಗಿನ ರೇಡಿಯೊ ಬೇಕು. ರೇಡಿಯೊದಲ್ಲಿ ನಿನ್ನ ಗೆಳೆಯನ ಜೊತೆ ಕನ್ನಡದಲ್ಲೇ ಮಾತಾಡು, ಯಾರು ಬೇಡ ಅಂತಾರೆ? ಆದರೆ ಬೇರೆ ದೇಶದವರು ಜೊತೆಗಿದ್ದರೆ ಎಲ್ಲರಿಗೂ ಅರ್ಥವಾಗುವ ಭಾಷೆ ಬೇಕಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಇಂಗ್ಲಿಷ್, ರಷ್ಯನ್ ಎರಡೂ ನಡೆಯುತ್ತವೆ. 1984ರಲ್ಲಿ ಹೋದ ನಮ್ಮ ರಾಕೇಶ್ ಶರ್ಮಾ ರಷ್ಯನ್ ಕಲಿತೇ ಹೋಗಿದ್ದರು.

ನಿನ್ನ ಕಾಗದದ ಹಿಂದೆ ಬಿಡಿಸಿದ ರಾಕೆಟ್ ಚೆನ್ನಾಗಿದೆ. ಕಿಟಕಿಯಲ್ಲಿ ಕಾಣುವ ಎರಡು ಕಿವಿ ಯಾರದು, ನಿಮ್ಮನೆ ಬೆಕ್ಕಿನದಾ? ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕಳಿಸು.