ಕೈಪಂಪಿನ ಬೆಂಕಿ ಗಾಡಿಯಲ್ಲಿ ನೀರು ತಡೆದು ತಡೆದು ಬಂದರೆ

ನಮಸ್ಕಾರ್ರೀ. ಗದಗದ ಹಳೇ ಜಿನ್ನಿಂಗ್ ಕಾರ್ಖಾನೆಯಿಂದ ತಂದ ಕೈಪಂಪಿನ ಬೆಂಕಿ ಆರಿಸುವ ಗಾಡಿಯಲ್ಲಿ ನೀರು ತಡೆದು ತಡೆದು ಬರುತ್ತದೆ, ಪಿಸ್ಟನ್ನಿಗೆ ರಬ್ಬರ್ ವಾಶರ್ ಹಾಕಲೇ ಎಂದು ಕೇಳಿದ್ದೀರಿ. ವಾಶರ್ ಆಮೇಲೆ. ಮೊದಲು ಒಂದು ಪರೀಕ್ಷೆ ಮಾಡಿ: ಎರಡು ಸಿಲಿಂಡರಿನ ಹಿಡಿಕೆಯನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಒತ್ತಿ ನೋಡಿ.

ಒಂದು ಕಡೆ ಒತ್ತಿದಾಗ ಮಾತ್ರ ನೀರು ಬಂದರೆ, ಇನ್ನೊಂದು ಸಿಲಿಂಡರಿನ ವಾಲ್ವೋ ವಾಶರೋ ಕೆಟ್ಟಿದೆ. ಎರಡೂ ಕಡೆ ಬಂದು, ಹಿಡಿಕೆ ದಿಕ್ಕು ಬದಲಿಸುವಾಗ ಮಾತ್ರ ನೀರು ನಿಂತರೆ ದೋಷ ಇರುವುದು ನಡುವಿನ ತಾಮ್ರದ ಗಾಳಿ ಕೋಶದಲ್ಲಿ. ಈ ಗಾಡಿಯ ಜೀವವೇ ಅದು. ಒತ್ತಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗಿ ನೀರನ್ನು ತಳ್ಳುತ್ತದೆ. ಲಂಡನ್ನಿನ ರಿಚರ್ಡ್ ನ್ಯೂಶಾಮ್ 1721ರಲ್ಲಿ ಪೇಟೆಂಟ್ ಪಡೆದು ಮಾಡಿದ ಗಾಡಿಗಳೂ ಇದರಿಂದಲೇ ಒಂದೇ ಸಮ ಧಾರೆ ಹಾರಿಸುತ್ತಿದ್ದವು. ಕೋಶದಲ್ಲಿ ನೀರು ತುಂಬಿದ್ದರೆ ಪೂರ್ತಿ ಬಸಿಯಿರಿ. ಬೆಸುಗೆಗೆ ಸೋಪಿನ ನೀರು ಹಚ್ಚಿ, ಒಬ್ಬರು ಮೆಲ್ಲಗೆ ಒತ್ತಲಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಕಂಪ್ರೆಸರ್ ಮಾತ್ರ ಹಚ್ಚಬೇಡಿ, ಹಳೇ ಬೆಸುಗೆ ಸಿಡಿದರೆ ಕಣ್ಣಿಗೇ ಅಪಾಯ.

ವಾಶರಿಗೆ ರಬ್ಬರ್ ಬೇಡ. ಮೊದಲು ಇದ್ದದ್ದು ಚರ್ಮ ಅಲ್ವಾ, ಅದನ್ನೇ ಹಾಕಿ. ತೊಗಟೆಯಲ್ಲಿ ಹದ ಮಾಡಿದ ಗಟ್ಟಿ ಚರ್ಮ ಬೇಕು. ನೀರಲ್ಲಿ ನೆನೆಸಿ, ಕಟ್ಟಿಗೆ ಅಚ್ಚಿನ ಮೇಲೆ ಬಟ್ಟಲಿನಂತೆ ಒತ್ತಿ, ಒಣಗಿದ ಮೇಲೆ ಔಡಲ ಎಣ್ಣೆ ಕುಡಿಸಿ. ಒಣ ಪಂಪನ್ನು ಸುಮ್ನೆ ಆಡಿಸಬೇಡಿ, ಹೊಸ ಚರ್ಮ ಹರಿಯುತ್ತದೆ.

ಇನ್ನೊಂದು ಮಾತು. ಬಣ್ಣ ಕೆರೆಯುವ ಮುಂಚೆ ಫೋಟೊ ತೆಗೆಯಿರಿ. ಹಳೇ ಅಕ್ಷರಗಳು ಕೆಳಗೆ ಇರಬಹುದು. ಹಿತ್ತಾಳೆ ಫಲಕಕ್ಕೆ ಹೊಳಪು ಕೊಡುವ ಬಫಿಂಗ್ ಚಕ್ರ ತಾಗಿಸಲೇಬೇಡಿ. ಅಳಿಸಿಹೋದ ಹೆಸರು ಮತ್ತೆ ಬರುವುದಿಲ್ಲ.