ಕಾಸರಗೋಡಿನಿಂದ ಊರು ಸುತ್ತಲು, ಹೊರದೇಶಕ್ಕೂ ಹೋಗಲು ಎಂಥ ಮೋಟರ್‌ಹೋಮ್ (ಒಳಗೇ ಉಂಡು ಮಲಗುವ ಗಾಡಿ) ಒಳ್ಳೆಯದು?
ನಾಲ್ವರಿಗೆ ಫೋರ್ಸ್ ಟ್ರಾವೆಲರ್‌ನಂಥ ವ್ಯಾನಿನ ಮೇಲೆ ಕಟ್ಟಿದ್ದು ಸಾಕು; ಬಸ್ಸಿನಷ್ಟು ಉದ್ದದ್ದಾದರೆ ಪಾಣತ್ತೂರು–ಭಾಗಮಂಡಲ ದಾರಿಯ ತಿರುವುಗಳಲ್ಲಿ ಪಾಡು ಬೇಡ. ಸೋಫಾ, ಪರದೆ ನೋಡುವ ಮೊದಲು ತೂಕ ಕೇಳಿ. 100 ಲೀಟರ್ ನೀರೆಂದರೆ 100 ಕಿಲೋ. ಟ್ಯಾಂಕು ಹಿಂದಿನ ಚಕ್ರಗಳ ಆಕ್ಸಲ್‌ಗಿಂತಲೂ ಹಿಂದಿದ್ದರೆ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಿಡಿತ ಸಡಿಲಾಗುತ್ತದೆ. 12 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 700 ವ್ಯಾಟಿನ ಎ.ಸಿ. ಸುಮಾರು 3 ಗಂಟೆ ಓಡೀತು, ಅಷ್ಟೇ. ನಮ್ಮ ಸೆಕೆಗೆ ರಾತ್ರಿಯಿಡೀ ಬೇಕಿದ್ದರೆ ಹೊರಗಿನ ಕರೆಂಟೇ ಗತಿ. ಮಳೆಗಾಲದಲ್ಲಿ ಸೋರುವುದು ಹೆಚ್ಚಾಗಿ ಮಾಡಿಗೆ ಕೊರೆದ ತೂತುಗಳ ಸುತ್ತ; ಕೊಳ್ಳುವ ಮೊದಲು ಪೈಪಿನಿಂದ ನೀರು ಹಾಯಿಸಿ ನೋಡಿ.

ನೇಪಾಳಕ್ಕೆ ಗಡಿಯಲ್ಲಿ ಭನ್ಸಾರ್ (ಗಾಡಿಗೆ ನೇಪಾಳದ ಸುಂಕ) ಕಟ್ಟಿ ಹೋಗಬಹುದು. ಯೂರೋಪಿಗಾದರೆ ಸಾಗಿಸಬೇಡಿ, ಅಲ್ಲೇ 3,500 ಕಿಲೋ ಒಳಗಿನದ್ದು ಬಾಡಿಗೆಗೆ ಹಿಡಿಯಿರಿ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಳ್ಳಿ.