ಓಟ್ಸ್ ವಾಫಲ್ ಯಾಕೆ ಮೆತ್ತಗಾಗುತ್ತದೆ?

ಬಾಳೆಹಣ್ಣು, ಸ್ಟ್ರಾಬೆರಿ, ಓಟ್ಸ್ ಹಾಕಿದ ವಾಫಲ್ ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಮೆಷಿನ್‌ಗೆ ಅಂಟುತ್ತದೆ ಅಂದಿದ್ದೀರಿ. ಹಿಟ್ಟಿಗೆ ಎರಡೂ ಹಣ್ಣು ಹಾಕಿದ್ದೇ ಜಾಸ್ತಿ ಆಗಿದೆ ಅನ್ನಿಸುತ್ತದೆ. ಹಣ್ಣಿನ ನೀರು ಹಿಟ್ಟನ್ನು ಮೆತ್ತಗೆ ಮಾಡುತ್ತದೆ, ಸಕ್ಕರೆ ಅಂಟಿಸುತ್ತದೆ.

1 ಕಪ್ ಓಟ್ಸ್ ಪುಡಿಗೆ 1 ಸಣ್ಣ ಬಾಳೆಹಣ್ಣು ಸಾಕು. ಜೊತೆಗೆ 1 ಮೊಟ್ಟೆ, ಅರ್ಧ ಕಪ್ ಹಾಲು, 1 ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. 1 ದೊಡ್ಡ ಚಮಚ ಎಣ್ಣೆ ಮಾತ್ರ ಹಾಕದೆ ಇರಬೇಡಿ. ಆರೋಗ್ಯ ಅಂತ ನಾನೂ ಒಮ್ಮೆ ಎಣ್ಣೆ ಹಾಕದೆ ಮಾಡಿದ್ದೆ. ಮುಚ್ಚಳ ಎತ್ತಿದರೆ ವಾಫಲ್ ಅರ್ಧ ಮೇಲೆ, ಅರ್ಧ ಕೆಳಗೆ!

ಕಲಸಿ 10 ನಿಮಿಷ ಸುಮ್ನೆ ಬಿಡಿ. ಓಟ್ಸ್ ಹಾಲು ಕುಡಿದು ಹಿಟ್ಟು ದಪ್ಪವಾಗುತ್ತದೆ. ಚಮಚದಿಂದ ಸುರಿದರೆ ನೀರಿನಂತೆ ಹರಿಯದೆ ದಪ್ಪಗೆ ಬೀಳಬೇಕು. ಮೆಷಿನ್ ಚೆನ್ನಾಗಿ ಕಾದ ಮೇಲೇ ಹಾಕಿ. ಬೆಂದಿದೆ ಅನ್ನುವ ಮೆಷಿನ್‌ನ ಹಸಿರು ದೀಪ ನಂಬಬೇಡಿ, ಬದಿಯಿಂದ ಬರುವ ಹಬೆ ನೋಡಿ. ಅದು ಹೆಚ್ಚುಕಮ್ಮಿ ನಿಂತ ಮೇಲೆ ತೆಗೆಯಿರಿ.

ತೆಗೆದದ್ದನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಬೆವರುತ್ತವೆ. ಜಾಲರಿ ಮೇಲೆ ಆರಲಿ. ಸ್ಟ್ರಾಬೆರಿಯನ್ನು ಹಿಟ್ಟಿಗೆ ಹಾಕುವ ಬದಲು ತಿನ್ನುವಾಗ ಮೇಲೆ ಹಾಕಿಕೊಳ್ಳಿ, ರುಚಿಯೂ ಹಾಗೇ ಚೆನ್ನ ಅಲ್ವಾ?